ತಾಯಿ ಕಾರ್ಡಿಗೂ ಮುಂಚಿನ ಮೂರು ತಿಂಗಳು

"ಬಸುರಿ ಆದ್ಮೇಲೆ ಬಾಮ್ಮ, ತಾಯಿ ಕಾರ್ಡ್ ಮಾಡ್ಕೊಡ್ತೀನಿ."

ಮಂಡ್ಯ ಕಡೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದ ನನ್ನ ತಂಗಿಗೆ ಆರೋಗ್ಯ ಉಪಕೇಂದ್ರದಲ್ಲಿ ಸಿಕ್ಕ ಉತ್ತರ ಇದು. ಮದುವೆಯಾಗಿ ಎರಡು ವರ್ಷ ಕಳೆದಿತ್ತು, ಇನ್ನು ಮಗು ಮಾಡಿಕೊಳ್ಳೋಣ ಎಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದ್ದರು. ಅದಕ್ಕೆ ಮೊದಲೇ ಏನು ತಿನ್ನಬೇಕು, ಯಾವ ಮಾತ್ರೆ ಶುರುಮಾಡಬೇಕು ಎಂದು ಕೇಳಿಕೊಂಡು ಬರೋಣ ಅಂತ ಹೋಗಿದ್ದಳು. ಬರಿಗೈಲಿ ವಾಪಸ್ ಬಂದು ನನಗೆ ಫೋನ್ ಮಾಡಿದಳು. "ಅಕ್ಕಾ, ಬಸುರಿ ಆಗೋದಕ್ಕೆ ಮುಂಚೆ ಅಂತಲೇ ಅಲ್ವಾ ನಾನು ಕೇಳಿದ್ದು?"

ನಾನು ಆಸ್ಪತ್ರೆಯೊಂದರಲ್ಲಿ ಆಹಾರ ಸಲಹೆಯ ಕೆಲಸ ಮಾಡುವವಳು. ನನ್ನ ಮುಂದೆ ಕೂರುವ ಹೆಣ್ಣುಮಕ್ಕಳಲ್ಲಿ ಮುಕ್ಕಾಲುಪಾಲು ಜನ ಬರುವುದು ಮೂರನೇ ತಿಂಗಳಲ್ಲೋ ನಾಲ್ಕನೇ ತಿಂಗಳಲ್ಲೋ. ಆ ಹೊತ್ತಿಗೆ ಕೆಲವು ಬಾಗಿಲು ಮುಚ್ಚಿ ಹೋಗಿರುತ್ತವೆ. ಹಾಗಾಗಿ ತಂಗಿ ಕೇಳಿದ ಪ್ರಶ್ನೆ ಎಷ್ಟು ಸರಿ, ಎಷ್ಟು ಸಕಾಲಿಕ ಎಂದು ಇಲ್ಲಿ ಬಿಡಿಸಿ ಹೇಳಬೇಕು ಅನ್ನಿಸಿತು.

ನಮ್ಮಲ್ಲಿ ಬಸುರಿಗೆ, ಬಾಣಂತಿಗೆ ಒಳ್ಳೆಯ ವ್ಯವಸ್ಥೆಗಳಿವೆ. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಸಿಗುತ್ತದೆ. ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ. ಆದರೆ ಎಲ್ಲವೂ ಶುರುವಾಗುವುದು ತಾಯಿ ಕಾರ್ಡ್ ಕೈಗೆ ಬಂದ ಮೇಲೆ. ಮಗುವಿನ ಮಿದುಳು, ಬೆನ್ನುಹುರಿಯ ಪಾಯ ಬೀಳುವುದು ಮಾತ್ರ ಆ ಕಾರ್ಡಿಗಿಂತ ಎಷ್ಟೋ ಮೊದಲು.

ಅದು ನಡೆಯುವ ರೀತಿ ಹೀಗಿದೆ. ಅಂಡ ಫಲಿತವಾಗಿ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಮೇಲೆ ತೆಳುವಾದೊಂದು ಪದರ ಮೂಡುತ್ತದೆ. ಬಾಳೆಲೆಯ ಎರಡು ಅಂಚುಗಳನ್ನು ಮೇಲೆತ್ತಿ ಕೂಡಿಸಿದರೆ ಹೇಗೆ ಕೊಳವೆಯಾಗುತ್ತದೋ ಹಾಗೆ ಆ ಪದರದ ಅಂಚುಗಳು ಎದ್ದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದನ್ನು ನರಕೊಳವೆ ಅನ್ನುತ್ತಾರೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಇದೇ. ಸುಮಾರು 28ನೇ ದಿನಕ್ಕೆ ಕೊಳವೆ ಪೂರ್ತಿ ಮುಚ್ಚಿಕೊಂಡಿರಬೇಕು. ಕೆಳಭಾಗದಲ್ಲಿ ಬೆಸುಗೆ ಕೂಡದಿದ್ದರೆ ಮಗು ಬೆನ್ನಿನ ಮೇಲೆ ಗಂಟಿನೊಂದಿಗೆ ಹುಟ್ಟುತ್ತದೆ, ಎಷ್ಟೋ ಸಲ ಕಾಲುಗಳಲ್ಲಿ ಶಕ್ತಿ ಇರುವುದಿಲ್ಲ. ಇದು ಸ್ಪೈನಾ ಬಿಫಿಡಾ. ಮೇಲ್ಭಾಗದಲ್ಲಿ ಕೂಡದಿದ್ದರೆ ತಲೆಬುರುಡೆ, ಮಿದುಳು ಬೆಳೆಯುವುದೇ ಇಲ್ಲ, ಅಂಥ ಮಗು ಉಳಿಯುವುದಿಲ್ಲ.

ಈಗ ದಿನ ಲೆಕ್ಕ ಹಾಕಿ. ತಿಂಗಳಿಗೆ ಸರಿಯಾಗಿ ಮುಟ್ಟಾಗುವ ಹೆಂಗಸಿಗೆ ಆ 28ನೇ ದಿನ ಬರುವುದು ಮುಟ್ಟು ತಪ್ಪಿ ಎರಡು ವಾರವಾದಾಗ. ನಮ್ಮಲ್ಲಿ ಆಗ ಎಷ್ಟು ಮನೆಗಳಲ್ಲಿ ವಿಷಯ ಗೊತ್ತಾಗಿರುತ್ತದೆ? "ಇನ್ನೊಂದು ವಾರ ನೋಡೋಣ" ಎಂದು ಕಾಯುತ್ತಿರುವಾಗಲೇ ಆ ಕೊಳವೆ ಮುಚ್ಚಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ. ಆಮೇಲೆ ಎಷ್ಟು ಮಾತ್ರೆ ನುಂಗಿದರೂ ಅದನ್ನು ಕೂಡಿಸಲು ಆಗುವುದಿಲ್ಲ.

ಈ ಬೆಸುಗೆಗೆ ಬೇಕಾದ ಮುಖ್ಯ ವಸ್ತು ಫೋಲೇಟ್ ಎಂಬ ಬಿ ವಿಟಮಿನ್. ಅದರ ಕಥೆ ಒಂದರ್ಥದಲ್ಲಿ ನಮ್ಮ ದೇಶದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರಲ್ಲಿ ಕಾಣಿಸುತ್ತಿದ್ದ ಒಂದು ಬಗೆಯ ಕಡು ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸ. ಆ ಹೆಂಗಸರು ಏನು ತಿನ್ನುತ್ತಾರೆ ಎಂಬುದರ ಬೆನ್ನು ಹತ್ತಿದ ವಿಲ್ಸ್, ಯೀಸ್ಟ್‌ನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಎಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶಕ್ಕೆ ಆಗ ಹೆಸರೇ ಇರಲಿಲ್ಲ, 'ವಿಲ್ಸ್ ಫ್ಯಾಕ್ಟರ್' ಅಂದರು. ಹತ್ತು ವರ್ಷದ ಮೇಲೆ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಸಿಡ್ ಎಂದು ಕರೆದರು. ಎಲೆ ಎಂಬುದಕ್ಕಿರುವ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ಮುಂದೆ 1991ರಲ್ಲಿ ಏಳು ದೇಶಗಳಲ್ಲಿ ನಡೆದ ಬ್ರಿಟನ್ ನೇತೃತ್ವದ ಅಧ್ಯಯನದಲ್ಲಿ, ಹಿಂದೆ ಇಂಥ ತೊಂದರೆಯ ಮಗು ಹೆತ್ತಿದ್ದ ತಾಯಂದಿರಿಗೆ ಬಸುರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ಕೊಟ್ಟಾಗ ಅದೇ ತೊಂದರೆ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತು. ಮಾತ್ರೆಯೊಂದು ಇಷ್ಟು ಸ್ಪಷ್ಟವಾಗಿ ಕೆಲಸ ಮಾಡಿದ್ದು ಕಣ್ಣೆದುರಿಗಿದೆ. ಆದರೂ ನಮ್ಮ ಮನೆಗಳಲ್ಲಿ ಅದು ಮೂರು ತಿಂಗಳು ತಡವಾಗಿ ಬರುತ್ತದೆ ಎಂಬುದು ನನಗೆ ದಿನವೂ ಕೊರೆಯುವ ಸಂಗತಿ.

ಅಳತೆ ಎಷ್ಟು? ಬೇರೆ ತೊಂದರೆ ಇಲ್ಲದ ಹೆಂಗಸಿಗೆ ದಿನಕ್ಕೆ 400 ಮೈಕ್ರೋಗ್ರಾಂ. ಬಸುರಿಗೆ ಕನಿಷ್ಠ ಒಂದು ತಿಂಗಳು ಮುಂಚೆ, ಸಾಧ್ಯವಾದರೆ ಮೂರು ತಿಂಗಳು ಮುಂಚೆ ಶುರುಮಾಡಿ, ಬಸುರಾದ ಮೇಲೂ 12ನೇ ವಾರದ ತನಕ ಬಿಡದೆ ತೆಗೆದುಕೊಳ್ಳಬೇಕು. ಮೆಡಿಕಲ್ ಶಾಪಿನಲ್ಲಿ "ಫೋಲಿಕ್ ಆಸಿಡ್ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ, ಅಂದರೆ ಹನ್ನೆರಡೂವರೆ ಪಟ್ಟು ಜಾಸ್ತಿ. ಹಿಂದೆ ನರಕೊಳವೆಯ ತೊಂದರೆಯ ಮಗುವಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೂರ್ಛೆರೋಗಕ್ಕೆ ಕೆಲವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರೇ ಆ ದೊಡ್ಡ ಅಳತೆ ಬರೆಯುತ್ತಾರೆ. ಉಳಿದವರು ಮಾತ್ರೆ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ, ಅಳತೆ ಕೇಳಿ ತೆಗೆದುಕೊಳ್ಳಬೇಕು.

ಅಂದಹಾಗೆ, ತಂಗಿ ಕೇಳಿದ್ದು ಸರ್ಕಾರದ ಮಾರ್ಗಸೂಚಿಯಲ್ಲೇ ಇರುವ ವಿಷಯ. 2018ರ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದ ಪ್ರಕಾರ 20ರಿಂದ 49 ವರ್ಷದ, ಬಸುರಿಯೂ ಬಾಣಂತಿಯೂ ಅಲ್ಲದ ಹೆಂಗಸರಿಗೆ ವಾರಕ್ಕೊಂದು ಕೆಂಪು ಮಾತ್ರೆ ಕೊಡಬೇಕು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಮಗುವಿಗೆ ಪ್ರಯತ್ನಿಸುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು ಎಂಬ ಸಲಹೆಯೂ ಅದರಲ್ಲೇ ಇದೆ. ಕೇಳಿದವರಿಗೆ ಇಲ್ಲ ಅನ್ನುವ ಕಾರಣ ಯಾರಿಗೂ ಇಲ್ಲ.

ಇನ್ನು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ ಇತ್ತು. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. ಬಸುರಾದ ಮೇಲೆ ಮೈಯಲ್ಲಿ ನೀರಿನಂಶ ಹೆಚ್ಚಾಗಿ ರಕ್ತ ತೆಳುವಾಗುತ್ತದೆ, ಮಗುವೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಖಾಲಿ ಕಣಜದಿಂದ ಹೊರಟವಳು ಆ ಒಂಬತ್ತು ತಿಂಗಳಲ್ಲಿ ತುಂಬಿಕೊಳ್ಳುವುದು ಬಹಳ ಕಷ್ಟ.

ತಂಗಿಯ ಹಿಮೋಗ್ಲೋಬಿನ್ 9.4 ಬಂತು. "ನಾನು ದಿನಾ ರಾಗಿಮುದ್ದೆ ತಿಂತೀನಲ್ಲ ಅಕ್ಕಾ" ಅಂದಳು. ಮೂರು ದಿನ ತಿಂದದ್ದನ್ನೆಲ್ಲ, ಹೊತ್ತು ಸಮೇತ, ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸು ಅಂದೆ. ಸಲಹೆಗೆ ಬರುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಅವಳ ಹಾಳೆಯಲ್ಲಿ ಹೀಗಿತ್ತು: ಬೆಳಿಗ್ಗೆ ಆರಕ್ಕೆ ಕಾಫಿ. ಒಂಬತ್ತೂವರೆಗೆ ಉಪ್ಪಿಟ್ಟು, ಕಾಫಿ. ಎರಡೂವರೆಗೆ ಮುದ್ದೆ, ಸಾರು. ಐದಕ್ಕೆ ಟೀ, ಎರಡು ಬಿಸ್ಕತ್ತು. ರಾತ್ರಿ ಹತ್ತಕ್ಕೆ ಅನ್ನ, ಸಾರು. ಮಾರನೇ ದಿನ ಸೋಮವಾರ, ಒಪ್ಪತ್ತು. ಮಧ್ಯಾಹ್ನದ ಸಾಲಿನ ಪಕ್ಕದಲ್ಲಿ ಸಣ್ಣದಾಗಿ "ಪಲ್ಯ ಖಾಲಿ ಆಗಿತ್ತು" ಎಂದು ಬರೆದಿದ್ದಳು.

ಆ ಮೂರು ಪದಗಳನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯ ತಟ್ಟೆಗೆ ಅನ್ನ, ಮುದ್ದೆ, ತಿಳಿಸಾರು ಬರುತ್ತದೆ. ಸೊಪ್ಪು, ಕಾಳು, ಮೊಸರು, ಮೊಟ್ಟೆ ಅಷ್ಟರಲ್ಲಿ ತೀರಿರುತ್ತವೆ. ಇದು ಬಡತನದ ಮಾತಲ್ಲ. ಆ ಮನೆಯಲ್ಲಿ ಹಸುವಿದೆ, ಹೊಲದಲ್ಲಿ ಅಲಸಂದೆ ಇದೆ.

ರಾಗಿಯ ವಿಷಯಕ್ಕೆ ಬರುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಕಬ್ಬಿಣಾಂಶ ಐದು ಮಿಲಿಗ್ರಾಂ ಒಳಗೇ. ಅದರಲ್ಲೂ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಸ್ವಲ್ಪ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟಿನಲ್ಲಿ ಈ ತಡೆ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ಕೂಸಿಗೆ ಮೊಳಕೆ ರಾಗಿಯ ಸರಿ ಮಾಡುತ್ತಿದ್ದರು. ಅದೇ ಹಿಟ್ಟಿನ ಅಂಬಲಿ ಕೂಸು ಬೇಕೆನ್ನುವವಳಿಗೂ ಆಗುತ್ತದೆ.

ಇನ್ನೊಂದು ತಡೆ ಕಾಫಿ. ಅವಳು ಕಬ್ಬಿಣದ ಮಾತ್ರೆಯನ್ನು ತಿಂಡಿಯ ಜೊತೆ ನುಂಗಿ, ಮೇಲೆ ಕಾಫಿ ಕುಡಿಯುತ್ತಿದ್ದಳು. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಿಯೇ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಿ, ಬಿಡಬೇಡಿ. ಮೂರು ತಿಂಗಳು ಸರಿಯಾಗಿ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ ಕಾರಣ ಬೇರೆ ಇರಬಹುದು: ಹೊಟ್ಟೆಹುಳು, ಅತಿಯಾದ ಮುಟ್ಟಿನ ಸ್ರಾವ, ಬಿ12 ಕೊರತೆ, ಅಥವಾ ಹುಟ್ಟಿನಿಂದಲೇ ಬಂದ ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಅಂಶ. ತಲಸ್ಸೀಮಿಯಾ ಅಂಶ ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಮಗುವಿಗೆ ಅಪಾಯ. ಅದನ್ನೂ ಬಸುರಿಗೆ ಮುಂಚೆ ತಿಳಿದುಕೊಳ್ಳುವುದೇ ಒಳ್ಳೆಯದು.

ಸೊಪ್ಪಿನ ವಿಷಯದಲ್ಲಿ ನಮ್ಮ ಹಳೇ ಮೈಸೂರಿನ ಬಸ್ಸಾರನ್ನು ನಾನು ಮನಸಾರೆ ಹೊಗಳುತ್ತೇನೆ. ಫೋಲೇಟ್ ನೀರಿನಲ್ಲಿ ಕರಗುವಂಥದ್ದು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ದೊಡ್ಡದೊಂದು ಪಾಲು ಅದರ ಜೊತೆಗೇ ಹೋಯಿತು. ಬಸ್ಸಾರಿನಲ್ಲಿ ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲುವುದಿಲ್ಲ. ಬೆಂದ ಸೊಪ್ಪಿನದೇ ಒಂದು ಹಿಡಿ ಎತ್ತಿಕೊಂಡು ತೆಂಗಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣಿನ ಜೊತೆ ರುಬ್ಬಿ, ಅದೇ ಕಟ್ಟಿಗೆ ಹಾಕಿ ಕುದಿಸುತ್ತೇವೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಬಿದ್ದು ಪಲ್ಯ. ಕುದಿಯುವಾಗ ಒಂದಷ್ಟು ಹಾಳಾಗುವುದು ನಿಜ, ಆದರೂ ನೀರಿಗೆ ಇಳಿದದ್ದು ತಟ್ಟೆಗೇ ಬರುತ್ತದೆ. ಹುಳಿ ಇರುವುದರಿಂದ ಕಬ್ಬಿಣವೂ ಹತ್ತುತ್ತದೆ. ಮೇಲೆ ಒಂದು ಹೋಳು ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಮಡಕಿಕಾಳು, ಹಸಿ ಮೆಂತ್ಯೆಸೊಪ್ಪು, ಶೇಂಗಾ ಹಿಂಡಿ ಇವೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇವೆ. ಇವು ಸಣ್ಣ ಮೀನಾದ್ದರಿಂದ ಪಾದರಸದ ಚಿಂತೆ ಕಡಿಮೆ, ಒಳ್ಳೆಯ ಕೊಬ್ಬು ಹೆಚ್ಚು. ಶಾರ್ಕಿನಂಥ ದೊಡ್ಡ ಮೀನು ಬೇಡ. ಇಷ್ಟೆಲ್ಲ ಇದ್ದರೂ ಫೋಲಿಕ್ ಆಸಿಡ್ ಮಾತ್ರೆ ಬಿಡುವಂತಿಲ್ಲ, ಊಟ ಅದಕ್ಕೆ ಬದಲಿ ಅಲ್ಲ.

ಸಸ್ಯಾಹಾರಿಗಳು ಬಿ12 ಒಮ್ಮೆ ನೋಡಿಸಿಕೊಳ್ಳಲೇಬೇಕು. ಇದು ಸೊಪ್ಪು, ಕಾಳು, ಧಾನ್ಯದಲ್ಲಿ ಇಲ್ಲ. ಹಾಲು, ಮೊಸರಿನಲ್ಲಿ ಸ್ವಲ್ಪ, ಮೊಟ್ಟೆ, ಮೀನು, ಮಾಂಸದಲ್ಲಿ ಹೆಚ್ಚು. ಬಿ12 ಕಡಿಮೆ ಇದ್ದು ಫೋಲಿಕ್ ಆಸಿಡ್ ಮಾತ್ರ ಜಾಸ್ತಿ ತಿಂದರೆ ರಕ್ತದ ಚಿತ್ರ ಸರಿಹೋದಂತೆ ಕಂಡು, ನರಗಳಿಗೆ ಆಗುತ್ತಿರುವ ಹಾನಿ ಮರೆಯಾಗಿ ಉಳಿಯುತ್ತದೆ. ಅಯೋಡಿನ್ ಇರುವ ಉಪ್ಪು ಬಳಸಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

"ನೀರ್ಗುಳ್ಳೆ ಇದೆ ಅಂದ್ರು ಮೇಡಂ" ಎಂದು ಕಣ್ಣು ತುಂಬಿಕೊಂಡು ಬರುವವರಿಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಿಸಿಓಡಿ ಎಂದು ಕರೆಯುವ ಈ ತೊಂದರೆಯಲ್ಲಿ ಎಷ್ಟೋ ಜನರ ಮೈ ಇನ್ಸುಲಿನ್ ಮಾತು ಕೇಳುವುದಿಲ್ಲ. ಇನ್ಸುಲಿನ್ ಮಟ್ಟ ಏರಿ, ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚಿ, ಅಂಡ ಬಲಿತು ಬಿಡುಗಡೆಯಾಗುವುದು ತಪ್ಪುತ್ತದೆ. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಹಲವರಿಗೆ ಮುಟ್ಟು ಸರಿಯಾಗಿ ಬರತೊಡಗುತ್ತದೆ. 80 ಕೆ.ಜಿ. ಇರುವವರಿಗೆ ಅದು ನಾಲ್ಕರಿಂದ ಎಂಟು ಕೆ.ಜಿ. ಅಷ್ಟೇ. ಅನ್ನ ಬಿಟ್ಟು ಬದುಕಬೇಕಿಲ್ಲ. ತಟ್ಟೆಯ ಅರ್ಧ ಪಲ್ಯ, ಕೋಸಂಬರಿ ತುಂಬಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು ಇಟ್ಟು, ಮಿಕ್ಕ ಕಾಲಿನಲ್ಲಿ ಅನ್ನವೋ ಮುದ್ದೆಯೋ ಇರಲಿ. ಊಟವಾದ ಮೇಲೆ ಒಂದು ಸುತ್ತು ನಡೆದು ಬನ್ನಿ. ಹಾಗೆಯೇ ತೀರಾ ತೆಳ್ಳಗಿರುವವರಲ್ಲೂ ಅಂಡ ಬಿಡುಗಡೆ ನಿಲ್ಲಬಹುದು. ಅಂಥವರಿಗೆ ಶೇಂಗಾ, ತುಪ್ಪ, ಬಾಳೆಹಣ್ಣು, ಹಾಲು ಸೇರಿಸಿ ತೂಕ ಏರಿಸುವುದೇ ಮದ್ದು.

ಸಕ್ಕರೆ ಕಾಯಿಲೆ ಇದ್ದರೆ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5ರ ಕೆಳಗೆ ಬಂದ ಮೇಲೆ ಬಸುರಾಗುವುದು ಕ್ಷೇಮ. ಮೊದಲ ವಾರಗಳಲ್ಲಿ ಸಕ್ಕರೆ ಏರಿದ್ದರೆ ಮಗುವಿನ ಹೃದಯ, ನರಗಳಿಗೆ ಪೆಟ್ಟು. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿರುವವರು, ಮೂರ್ಛೆಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವವರು ಪ್ರಯತ್ನಕ್ಕೆ ಮೊದಲೇ ಡಾಕ್ಟರಿಗೆ ಹೇಳಿ. ಮೂರ್ಛೆಯ ಮಾತ್ರೆಯನ್ನಂತೂ ತಾವಾಗಿಯೇ ನಿಲ್ಲಿಸಬಾರದು.

ಗಂಡಂದಿರು ಇಷ್ಟು ಹೊತ್ತು ಈ ಮಾತಿನಲ್ಲಿ ಇರಲೇ ಇಲ್ಲ. ಸಲಹೆಗೂ ಅವರು ಬರುವುದಿಲ್ಲ, ಹೊರಗೆ ಬೈಕಿನ ಹತ್ತಿರ ನಿಂತಿರುತ್ತಾರೆ. ವೀರ್ಯಾಣು ತಯಾರಾಗಲು ಎರಡು, ಎರಡೂವರೆ ತಿಂಗಳು ಬೇಕು. ಅಂದರೆ ಇವತ್ತು ಬಿಟ್ಟ ಬೀಡಿ, ಗುಟ್ಕಾ, ಕುಡಿತದ ಫಲ ಕಾಣುವುದು ಮೂರು ತಿಂಗಳ ಮೇಲೆ. ಅವರಿಗೂ ಅದೇ ಸೊಪ್ಪು, ಕಾಳು, ಹಣ್ಣು ಸಾಕು. 'ಗಂಡಸರ ಶಕ್ತಿ' ಎಂದು ಮಾರುವ ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಿಗೆ ಆರು ತಿಂಗಳು ಫೋಲಿಕ್ ಆಸಿಡ್, ಸತು ಕೊಟ್ಟರೂ ವೀರ್ಯದ ಗುಣಮಟ್ಟವಾಗಲೀ ಹುಟ್ಟಿದ ಮಕ್ಕಳ ಸಂಖ್ಯೆಯಾಗಲೀ ಹೆಚ್ಚಲಿಲ್ಲ. ಜಿಮ್ಮಿನಲ್ಲಿ ಮೈಕಟ್ಟಿಗೆಂದು ಕೊಡುವ ಸ್ಟೆರಾಯ್ಡ್, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸುತ್ತದೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಹೆಂಡತಿಗೇ ಪರೀಕ್ಷೆ ಮಾಡಿಸಿದ ಮನೆಗಳನ್ನು ನೋಡಿದ್ದೇನೆ.

ವ್ರತಗಳ ಬಗ್ಗೆ ಮಾತಾಡಲು ನನಗೆ ಅಳುಕಿದೆ, ಆದರೂ ಹೇಳಬೇಕು. ಮಕ್ಕಳಾಗಲಿ ಎಂದೇ ಸೋಮವಾರ ಒಪ್ಪತ್ತು, ಷಷ್ಠಿಗೆ ಉಪವಾಸ, ಸಂಕಷ್ಟಿಗೆ ಉಪವಾಸ ಮಾಡುವ ಹೆಣ್ಣುಮಗಳ ನಂಬಿಕೆ ದೊಡ್ಡದು. ಹಿಮೋಗ್ಲೋಬಿನ್ ಒಂಬತ್ತಿರುವ ಮೈಗೆ ಮಾತ್ರ ಆ ಹಸಿವು ಭಾರ. ಪೂಜೆ ಮಾಡಿ, ಪ್ರದಕ್ಷಿಣೆ ಹಾಕಿ, ಹಾಲು ಹಣ್ಣು, ಕೋಸಂಬರಿ ತೆಗೆದುಕೊಂಡು ವ್ರತ ಮಾಡಿ ಎಂದು ನಾನು ಕೇಳಿಕೊಳ್ಳುತ್ತೇನೆ. 'ಉಷ್ಣ' ಎಂದು ಮೊಟ್ಟೆ, ಎಳ್ಳು, ನುಗ್ಗೆಸೊಪ್ಪನ್ನು ದೂರ ಇಡುವುದಕ್ಕೆ ಆಧಾರವಿಲ್ಲ. ಬೇಕಾದ್ದನ್ನೇ ಬೇಡ ಅಂದ ಹಾಗಾಗುತ್ತದೆ.

ಬಸುರಿಗೆ ಮುಂಚಿನ ಊಟ ನಿಜವಾಗಿ ಏನು ಮಾಡಬಲ್ಲದು ಎಂದು ನಮ್ಮಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಮುಂಬೈನ ಕೊಳೆಗೇರಿಗಳ ಆರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಬಸುರಿಗೆ ಮುಂಚಿನಿಂದಲೇ ಕೊಟ್ಟರು. ಒಟ್ಟಾರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಬಸುರಿಗೆ ಮೂರು ತಿಂಗಳಿಗಿಂತ ಮುಂಚೆ ಶುರುಮಾಡಿದವರಲ್ಲಿ ಮಾತ್ರ ತೂಕ ಸುಮಾರು 50 ಗ್ರಾಂ ಹೆಚ್ಚಿತ್ತು, ಅದೂ ತಾಯಿ ತೀರಾ ತೆಳ್ಳಗಿಲ್ಲದಿದ್ದಾಗ ಇನ್ನಷ್ಟು ಸ್ಪಷ್ಟ. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಆ ತಿಂಡಿ ತಿಂದವರಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟು ಕಡಿಮೆ ಇತ್ತು. ಊಟದ ಶಕ್ತಿಯೂ ಮಿತಿಯೂ ಎರಡೂ ಇದರಲ್ಲಿ ಕಾಣುತ್ತವೆ. ಗರ್ಭನಾಳ ಮುಚ್ಚಿದ್ದರೆ, ವೀರ್ಯಾಣುವೇ ಇಲ್ಲದಿದ್ದರೆ ಯಾವ ಸೊಪ್ಪೂ ಮಗು ಕೊಡುವುದಿಲ್ಲ. "ಸರಿಯಾಗಿ ತಿನ್ನಲ್ಲ, ಅದಕ್ಕೇ ಆಗಿಲ್ಲ" ಎಂದು ಯಾವ ಹೆಣ್ಣುಮಗಳಿಗೂ ಅನ್ನಬೇಡಿ. 35ರ ಒಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ಇಬ್ಬರೂ ಒಟ್ಟಿಗೆ ತಜ್ಞರನ್ನು ಕಾಣಬೇಕು.

ಸಹಾಯ ಕೇಳುವುದು ಎಲ್ಲಿ? ಮೊದಲು ಆಶಾ ಅಕ್ಕನನ್ನು, ಉಪಕೇಂದ್ರದ ಸಿಸ್ಟರನ್ನು ಕೇಳಿ. ಅಲ್ಲಿ ಆಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರವೇ ಹೋಗಿ. ಪಟ್ಟಣದಲ್ಲಾದರೆ ಸರ್ಕಾರದ 'ನಮ್ಮ ಕ್ಲಿನಿಕ್' ಇದೆ. "ಏನು ತಿನ್ನಬೇಕು" ಎಂದು ಒಟ್ಟಾಗಿ ಕೇಳಿದರೆ "ಚೆನ್ನಾಗಿ ತಿನ್ನಿ" ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: "ನಾವು ಮಗುವಿಗೆ ಪ್ರಯತ್ನ ಪಡ್ತಾ ಇದ್ದೀವಿ. ಫೋಲಿಕ್ ಆಸಿಡ್ ಬೇಕು. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್ ನೋಡಬೇಕು." ಸಕ್ಕರೆ, ಥೈರಾಯ್ಡ್, ಪಿಸಿಓಡಿ ಇದ್ದವರು ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಡಯಟೀಷಿಯನ್ ಇದ್ದಾರಾ ಎಂದು ವಿಚಾರಿಸಿ. ಮೂರು ದಿನದ ಊಟದ ಹಾಳೆ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳು, ನಾಟಿ ಔಷಧಿ ಇದ್ದರೆ ಅದೂ ಕೈಯಲ್ಲಿರಲಿ. ಖಾಸಗಿಯಾಗಿ ಕಾಣುವುದಾದರೆ ಪೌಷ್ಟಿಕ ಆಹಾರದಲ್ಲಿ ಪದವಿ ಪಡೆದವರೇ ಎಂದು ಕೇಳುವುದು ನಿಮ್ಮ ಹಕ್ಕು. ಸಲಹೆ ಮುಗಿಯುತ್ತಿದ್ದಂತೆ ಪೌಡರ್ ಡಬ್ಬಿ ಮುಂದಿಟ್ಟರೆ ಎದ್ದು ಬನ್ನಿ.

ತಂಗಿ ಎರಡನೇ ಸಲ ಗಂಡನನ್ನು ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋದಳು. ಡಾಕ್ಟರ್ ಐದು ನಿಮಿಷದಲ್ಲಿ ಬರೆದುಕೊಟ್ಟರು. ಕಬ್ಬಿಣದ ಮಾತ್ರೆ ಈಗ ರಾತ್ರಿಗೆ ಹೋಗಿದೆ, ಕಾಫಿ, ಟೀ ಸೇರಿ ಎರಡಕ್ಕೆ ಇಳಿದಿದೆ. ಅವಳ ಅತ್ತೆಗೆ ನಾನೇ ಫೋನ್ ಮಾಡಿ, "ಅತ್ತೆಮ್ಮ, ಅವಳ ಪಾಲಿನ ಪಲ್ಯ ಒಂದು ಬಟ್ಟಲಲ್ಲಿ ಮೊದಲೇ ತೆಗೆದಿಟ್ಟುಬಿಡಿ" ಅಂದಿದ್ದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಹೆದರಿದ್ದೆ. "ಯಾರೂ ಇಷ್ಟು ದಿನ ಹೇಳಿರಲಿಲ್ಲ ಕಣವ್ವ, ನಂಗೂ ಯಾರೂ ತೆಗೆದಿಟ್ಟಿರಲಿಲ್ಲ" ಅಂದರು. ಹೋದ ವಾರ ಮೂರು ತಿಂಗಳ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 11.8. ಮುಟ್ಟು ಎಂದಿನಂತೆ ಬಂದಿದೆ, ಇನ್ನೂ ಕಾಯುತ್ತಿದ್ದಾರೆ. ಮಧ್ಯಾಹ್ನದ ತಟ್ಟೆಯ ಫೋಟೋ ಈಗಲೂ ಆಗಾಗ ಬರುತ್ತದೆ. ನಿನ್ನೆಯದರಲ್ಲಿ ಮುದ್ದೆ, ಬಸ್ಸಾರು, ಒಂದು ಬಟ್ಟಲು ತುಂಬ ಅಲಸಂದೆ ಪಲ್ಯ, ಅರ್ಧ ನಿಂಬೆಹಣ್ಣು ಇತ್ತು.